ಕಿಟಕಿಯ ಮುಂದಿನ ಜಾಗ

ಮಗಳು ಅಪ್ಪನ ಕೈಯಿಂದ ಕುಡುಗೋಲು ಕಿತ್ತುಕೊಂಡಳು. ಅವನು ಹಿತ್ತಿಲಲ್ಲಿ ಸೊಂಟದೆತ್ತರ ಬೆಳೆದ ಹುಲ್ಲಿನ ನಡುವೆ ನಿಂತು, ಬೆಳಿಗ್ಗೆಯಿಂದ ಮುಖವನ್ನೂ ತೊಳೆಯದೆ, ಕಂಡಕಂಡ ಬಳ್ಳಿಯನ್ನೆಲ್ಲ ಕಡಿಯುತ್ತಿದ್ದ. ಒಳಗೆ ನಡುಮನೆಯಲ್ಲಿ ಅವನ ಹೆಂಡತಿಯನ್ನು ಮಲಗಿಸಿದ್ದರು.

“ಜನ ಬರ್ತಾರೆ. ಹಿತ್ತಿಲು ಹೀಗಿದ್ರೆ ಚೆನ್ನಾಗಿ ಕಾಣಲ್ಲ,” ಎಂದ.

“ಅಮ್ಮನಿಗೂ ಚೆನ್ನಾಗಿ ಕಾಣ್ತಿರ್ಲಿಲ್ಲ ಅಪ್ಪ. ಆಗ ನಿನಗೆ ಪುರುಸೊತ್ತಿರ್ಲಿಲ್ಲ.”

ಸತ್ತವಳ ಅಕ್ಕ ಹಿಂಬಾಗಿಲಿಗೆ ಬಂದು, ಇವತ್ತೊಂದು ದಿನ ಬಾಯಿ ಬಿಗಿಹಿಡಿ ಎಂದು ಹುಡುಗಿಗೆ ಸನ್ನೆ ಮಾಡಿದಳು. ಇವತ್ತೊಂದು ದಿನ, ಇವತ್ತೊಂದು ದಿನ ಅಂತಲೇ ಅಮ್ಮನ ಆಯುಸ್ಸು ಮುಗಿಯಿತಲ್ಲ ದೊಡ್ಡಮ್ಮ ಎಂದು ಮಗಳು ಗಟ್ಟಿಯಾಗಿಯೇ ಕೇಳಿದಳು.

ಅಪ್ಪ ಬಡಗಿ. ಬೇರೆಯವರ ಮನೆಗೆ ಅವನು ಬಾಗಿಲು ಕೂರಿಸಿದರೆ ಗಾಳಿಯೂ ನುಸುಳುತ್ತಿರಲಿಲ್ಲ. ತನ್ನ ಮನೆಯಲ್ಲಿ ಮಾತ್ರ ಅರ್ಧ ಗಾರೆಯ ಗೋಡೆ, ಕೈಹಿಡಿಯಿಲ್ಲದ ಮೆಟ್ಟಿಲು, ಹೊಲಿಗೆಯ ಕೋಣೆಯಲ್ಲಿ ಗಾಜಿಲ್ಲದ ಕಿಟಕಿಗೆ ಬಡಿದ ಪ್ಲೈವುಡ್. ಮುಂದಿನ ವಾರ ಗಾಜು ಹಾಕುತ್ತೇನೆ ಎನ್ನುತ್ತಿದ್ದ. ಅಮ್ಮ ಹಾಡುಹಗಲೇ ದೀಪ ಹಾಕಿಕೊಂಡು ಅರ್ಧ ಬೀದಿಯವರ ಬಟ್ಟೆ ಹೊಲಿದಳು. ಯಾರಾದರೂ ಕೇಳಿದರೆ, ನಮ್ಮನೇಲಿ ಮುಂದಿನ ವಾರಕ್ಕೆ ಕಾಯದೆ ಬೆಳೆದಿದ್ದು ಹಿತ್ತಿಲೊಂದೇ ಎಂದು ನಗುತ್ತಿದ್ದಳು.

*

ಹೋದ ವರ್ಷ ಅವಳು ತಾನೇ ಹಿತ್ತಿಲಿಗಿಳಿದಳು. ಸಂಜೆ ಹೊಲಿಗೆ ಮುಗಿಸಿ, ಗಂಡನ ಹಳೆಯ ಕಾಲುಚೀಲಗಳನ್ನು ಕೈಗೆ ತೊಟ್ಟು, ಮುಳ್ಳುಗಿಡಗಳನ್ನು ಬೇರುಸಹಿತ ಕಿತ್ತಳು. ಮೊಣಕೈವರೆಗೂ ಗೀರು. ಕೊನೆಗೆ ಹೊಲಿಗೆ ಕೋಣೆಯ ಕಿಟಕಿಯ ಮುಂದೆ ಒಂದು ಮಂಚ ಹಿಡಿಸುವಷ್ಟು ಜಾಗ ಹಸನಾಯಿತು. ಅಲ್ಲಿ ಗುಲಾಬಿ ಕಡ್ಡಿಗಳನ್ನು ಊರಿದಳು. ಅವು ಚಿಗುರಿದ ದಿನ ಗಂಡನಿಗೆ ಹೇಳಿದಳು: “ಇನ್ನು ಗಾಜು ಹಾಕ್ರಿ. ನೋಡೋಕೆ ಏನೋ ಒಂದು ಇದೆ.”

ಅವನು ಹೂಂಗುಟ್ಟಿದ.

ಅದೇ ತಿಂಗಳು ಅವನು ಬೀದಿಯ ಹಲವು ಮನೆಗಳಿಗೆ ಹೊಸ ಬಾಗಿಲು ಕೂರಿಸಿ, ಕಳಚಿದ ಹಳೆಯವನ್ನು ಗಾಡಿಯಲ್ಲಿ ತುಂಬಿಸಿಕೊಂಡು ಬಂದ. ಹಿತ್ತಿಲಲ್ಲಿ ಚೊಕ್ಕಟವಾಗಿ ಕಂಡದ್ದು ಅದೊಂದೇ ಜಾಗ. ಅಷ್ಟನ್ನೂ ಅಲ್ಲೇ, ಗುಲಾಬಿಯ ಮೇಲೆಯೇ, ಗೋಡೆಗೆ ಒರಗಿಸಿದ. ಒಳ್ಳೇ ಮರ, ಯಾವತ್ತಾದರೂ ಬೇಕಾಗುತ್ತದೆ ಎಂದ.

ರಜೆಗೆ ಬಂದಿದ್ದ ಮಗಳು ಕೂಗಾಡಿದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತ, “ಹೋಗ್ಲಿ ಬಿಡೇ. ಹೇಗಿದ್ರೂ ಪ್ಲೈವುಡ್ ಇದೆಯಲ್ಲ, ನನಗೆ ಕಾಣಲ್ಲ,” ಎಂದಳು.

ಮತ್ತೆ ಅವಳು ಹಿತ್ತಿಲಿಗೆ ಇಳಿಯಲಿಲ್ಲ. ಬಾಗಿಲುಗಳ ಮೇಲೆಲ್ಲ ಬಳ್ಳಿ ಹಬ್ಬಿತು. ನಿನ್ನೆ ಹೊಲಿಯುತ್ತ ಕುಳಿತವಳು ಹಾಗೆಯೇ ಯಂತ್ರದ ಮೇಲೆ ತಲೆಯಿಟ್ಟಳು. ದೀಪ ಉರಿಯುತ್ತಲೇ ಇತ್ತು.

*

“ಹುಲ್ಲು ಇರ್ಲಿ,” ಎಂದಳು ಮಗಳು. “ಮೊದಲು ಆ ಬಾಗಿಲು ತೆಗಿ.”

ಈಗಲೇ? ಜನ ನೋಡಿದರೆ ಏನಂದಾರು ಎಂದ ಅಪ್ಪ.

“ನೋಡ್ಲಿ.”

ಬಳ್ಳಿ ಹರಿದು ಅವಳೇ ಒಂದು ಬಾಗಿಲಿನ ತುದಿ ಹಿಡಿದಳು. ಅಷ್ಟು ಹೊತ್ತು ಸನ್ನೆ ಮಾಡುತ್ತಿದ್ದ ದೊಡ್ಡಮ್ಮ ತಂಗಿಯ ಕಿಟಕಿಯನ್ನೊಮ್ಮೆ ನೋಡಿದಳು. ಮೆಟ್ಟಿಲಿಳಿದು ಬಂದು ಇನ್ನೊಂದು ತುದಿಗೆ ಕೈಹಾಕಿದಳು. ಆಮೇಲೆ ಬಡಗಿಯೂ ಹೊರದೆ ವಿಧಿಯಿರಲಿಲ್ಲ. ಹಿತ್ತಿಲಲ್ಲಿ ಬೇರೆ ಜಾಗವಿಲ್ಲದೆ ಬಾಗಿಲುಗಳನ್ನು ಒಂದೊಂದಾಗಿ ಬೀದಿಗೆ ಸಾಗಿಸಿ ಕಾಂಪೌಂಡಿನುದ್ದಕ್ಕೂ ನಿಲ್ಲಿಸತೊಡಗಿದರು.

ಜನ ಬರತೊಡಗಿದರು. ದಿನಸಿ ಅಂಗಡಿಯವನು ಹಸಿರು ಬಾಗಿಲಿನ ಮುಂದೆ ನಿಂತು, ಇದು ನಮ್ಮ ಅಡುಗೆಮನೆಯದಲ್ಲವೇ ಎಂದು ಮೆಲ್ಲಗೆ ಕೇಳಿದ. ಮೂಲೆಮನೆಯ ನರ್ಸ್ ತನ್ನ ಮಕ್ಕಳು ಗೀಚಿದ್ದನ್ನು ಗುರುತಿಸಿದಳು. ಇವು ಇಲ್ಲೇಕೆ ಎಂದು ಕೇಳಿದವರಿಗೆಲ್ಲ ಮಗಳು ದನಿ ತಗ್ಗಿಸದೆ ಒಂದೇ ಮಾತು ಹೇಳಿದಳು:

“ಅಮ್ಮನ ಕಿಟಕಿಗೆ ಅಡ್ಡ ಇಟ್ಟಿದ್ರು.”

ಅವರು ಬಡಗಿಯ ಕಡೆ ನೋಡಿದರು. ಅವನು ಇನ್ನೊಂದು ಬಾಗಿಲು ತರಲು ಹಿತ್ತಿಲಿಗೆ ಹೋದ.

ಹೊರಡುವ ಹೊತ್ತಾಯಿತು. ಬೀದಿ ಮೊದಲೇ ಕಿರಿದು. ಅವಳನ್ನು ಹೊತ್ತವರು ಬಾಗಿಲುಗಳಿಗೆ ಒತ್ತಿಕೊಂಡೇ ನಡೆಯಬೇಕಾಯಿತು. ಹಸಿರು ಬಾಗಿಲು, ನೀಲಿ ಬಾಗಿಲು, ಚಿಲಕ ಕಳಚಿದ್ದು, ಮಕ್ಕಳು ಗೀಚಿದ್ದು ಒಂದಾದ ಮೇಲೊಂದು ಅವಳ ಪಕ್ಕದಲ್ಲಿ ಹಾದುಹೋದವು. ಕೊನೆಯದು ಸರಿಯಾಗಿ ನಿಂತಿರಲಿಲ್ಲ. ಹೆಂಡತಿ ದಾಟಿ ಹೋಗುವಾಗ ಬಡಗಿ ಅದು ಬೀಳದಂತೆ ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದ.