ಸ್ಲ್ಯಾಬಿನ ಮೇಲಿನ ತಿಳಿನೀರು

ದೂರದ ಮಹಾನಗರದ ಅಂಚಿನ ಘಣಸೋಲಿಯ ಹೊಸ ಸೆಕ್ಟರಿನಲ್ಲಿ ಬಿಲ್ಡಿಂಗ್ ಏಳುತ್ತಿತ್ತು. ಸ್ಲ್ಯಾಬ್ ಹಾಕಿದ ಮೇಲೆ ಅದು ಗಟ್ಟಿಯಾಗಲೆಂದು ಸುತ್ತ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುವುದು ಮರಗಮ್ಮನ ಕೆಲಸ. ತನ್ನೂರು ಸುರಪುರದ ಕಡೆ ಗದ್ದೆಗೆ ಬದು ಹಾಕಿ ಪಳಗಿದ ಕೈ. ಹನಿ ನೀರೂ ಸೋರುತ್ತಿರಲಿಲ್ಲ. "ಮರಗಮ್ಮನ ಸ್ಲ್ಯಾಬ್ ಎಂದೂ ಒಣಗಂಗಿಲ್ಲ" ಎಂದು ಮೇಸ್ತ್ರಿ ಹುಲಗಪ್ಪ ಹೊಗಳಿದರೆ ಅವಳಿಗೆ ಒಳಗೊಳಗೇ ಹಿಗ್ಗು.

ಆದರೆ ಕೆಳಗೆ ತಗಡು ಹೊದಿಸಿದ ಪತ್ರಾ ಜೋಪಡಿಯಲ್ಲಿ ಮಗಳು ದಾನೇಶ್ವರಿ ದಿನ ಬಿಟ್ಟು ದಿನ ಚಳಿಜ್ವರದಿಂದ ನಡುಗುತ್ತಿದ್ದಳು. ಎಷ್ಟು ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು.

ಮಲೇರಿಯಾ ಸಂಶೋಧನೆ ಮಾಡುವ ಅಪರ್ಣಾ ಅಲ್ಲಿಗೆ ಬಂದಳು. ಉಡುಪಿ ಕಡೆಯವಳು, ಈಗ ಮನೆ ಅಲ್ಲೇ ಹತ್ತಿರದ ನೌಪಾಡಾದಲ್ಲಿ. ಬಿಳಿ ಸೌಟಿನಿಂದ ಸ್ಲ್ಯಾಬಿನ ನೀರು ಮೊಗೆದು ಮೊಗೆದು ನೋಡತೊಡಗಿದಳು.

"ಮೀನ ಹಿಡೀತೀಯೇನವ್ವ?" ಮರಗಮ್ಮ ನಕ್ಕಳು.

"ಮೀನಲ್ಲಮ್ಮ, ಸೊಳ್ಳೆಮರಿ. ನಿಮ್ಮ ಮಗುವಿಗೆ ಜ್ವರ ಉಂಟಂತಲ್ಲ, ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡುವಾ."

"ಬ್ಯಾಡ ನಮ್ಮವ್ವ! ಮೊದಲೇ ಒಣಗ್ಯಾಳ ಕೂಸು, ಇದ್ದ ರಕ್ತಾನೂ ಹಿಂಡ್ಕೊಂಡು ಹೋಗ್ತಿಯೇನು? ಸೊಳ್ಳಿ ಹುಟ್ಟೋದು ಗಟಾರದಾಗ. ನನ್ನ ನೀರು ಕನ್ನಡಿ ಇದ್ದಂಗ ಅದ."

"ಈ ಜಾತಿ ಸೊಳ್ಳೆಗೆ ಚಂದದ ನೀರೇ ಆಗಬೇಕು" ಎಂದ ಅಪರ್ಣಾ, ಬಲಿತ ಹುಳಗಳ ಸಮೇತ ಆ ನೀರನ್ನು ಗಾಜಿನ ಬಾಟಲಿಗೆ ಸುರಿದಳು. ಬಾಯಿಗೆ ತೆಳುಬಟ್ಟೆ ಬಿಗಿದು ಕೊಟ್ಟಳು. "ನಿಮ್ಮ ನೀರು ನಿಮ್ಮ ಹತ್ರವೇ ಇರಲಿ. ನಾಳೆ ಬರ್ತೇನೆ."

ಬೆಳಿಗ್ಗೆ ಒಲೆ ಹಚ್ಚಲು ಎದ್ದ ಮರಗಮ್ಮ ಬಾಟಲಿ ನೋಡಿ ನಿಂತೇಬಿಟ್ಟಳು. ಬಟ್ಟೆಯ ಒಳಮೈಗೆ ಸೊಳ್ಳೆಗಳು ಕಾಲೂರಿ ಕುಳಿತಿದ್ದವು. ತಾನೇ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು!

ಅಪರ್ಣಾ ಬಂದಾಗ ಮರಗಮ್ಮನೇ ಮಗಳನ್ನೆತ್ತಿಕೊಂಡು ನಿಂತಿದ್ದಳು. "ಚುಚ್ಚವ್ವ. ಇವೇ ಕಡದಾವೇನು ನನ್ನ ಕೂಸಿಗೆ?"

"ಈಗ ಹುಟ್ಟಿದ ಇವುಗಳಲ್ಲಿ ರೋಗ ಇಲ್ಲ. ಜ್ವರದವರ ರಕ್ತ ಕುಡಿದ ಸೊಳ್ಳೆ ಮುಂದೆ ಇನ್ನೊಬ್ಬರನ್ನು ಕಚ್ಚಿದ್ರೆ ಹರಡ್ತದೆ. ಅದಕ್ಕೇ ಹುಟ್ಟಲಿಕ್ಕೇ ಬಿಡಬಾರದು."

ರಕ್ತದಲ್ಲಿ ಮಲೇರಿಯಾ ಇತ್ತು. ಗುಳಿಗೆಗೆ ಜ್ವರ ಇಳಿಯಿತು. ಅಲ್ಲಿ ಜ್ವರ ಬಂದವರಿಗೆ ಆದೀತೆಂದು ಮಿಕ್ಕ ಗುಳಿಗೆಯನ್ನು ಊರಿಗೆ ಕಳಿಸಲು ಮರಗಮ್ಮ ಸೆರಗಿಗೆ ಕಟ್ಟಿಕೊಂಡಾಗ ಅಪರ್ಣಾ ಗದರಿಸಿದಳು: "ಪೂರ್ತಿ ಮುಗಿಸ್ಬೇಕಮ್ಮ. ಇಲ್ಲಾಂದ್ರೆ ಜ್ವರ ತಿರುಗಿ ಬರ್ತದೆ!"

ಮರುದಿನ ಮರಗಮ್ಮ ಸಲಿಕೆ ಹಿಡಿದು ತನ್ನ ಬದು ತಾನೇ ಒಡೆದಳು. ಹುಲಗಪ್ಪ ಓಡಿಬಂದ.

"ತಲಿ ಕೆಟ್ಟದೇನು ನಿಂದು? ಸ್ಲ್ಯಾಬ್ ಬಿರಕ್ ಬಿಟ್ರ ಬಿಲ್ಡಿಂಗ್ ಕಟ್ಟಸೋ ಶೇಟ್ ಇಬ್ಬರನ್ನೂ ಹೊರಗ ಹಾಕ್ತಾನ!"

"ಗೋಣಿತಟ್ಟು ಹಾಸಿ ತೋಯಿಸ್ತಾ ಇರ್ತೀನಿ, ಒಣಗಾಕ ಬಿಡಂಗಿಲ್ಲ. ಮೊನ್ನಿ ನೀ ಜ್ವರ ಬಂದು ಮಲಗಿದ್ದಿಯಲ್ಲ, ಆಗ ಶೇಟ್ ಬಂದು ಗಂಜಿ ಕಾಸಿ ಕುಡಿಸಿದ್ನೇನು?"

ಮರಗಮ್ಮ ಮುಂದೆ ಹಿಡಿದ ಸೊಳ್ಳೆಗಳ ಬಾಟಲಿಯನ್ನು ಹುಲಗಪ್ಪ ತಿರುಗಿಸಿ ನೋಡಿದ. ಆಮೇಲೆ ಗೊಣಗುತ್ತಲೇ ಗೋಣಿತಟ್ಟಿನ ಇನ್ನೊಂದು ತುದಿ ಹಿಡಿದ. ಆ ಸ್ಲ್ಯಾಬ್ ಎಲ್ಲಿಯೂ ಬಿರುಕು ಬಿಡಲಿಲ್ಲ.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಸ್ಲ್ಯಾಬಿನಲ್ಲಿ, ಪೀಪಾಯಿಯಲ್ಲಿ ನೀರು ನಿಂತಿದೆಯೇ? ಸ್ಲ್ಯಾಬಿನ ನೀರು ಹರಿಯಬಿಟ್ಟು ಒದ್ದೆ ಗೋಣಿತಟ್ಟು ಹಾಸಿ. ಪೀಪಾಯಿಯನ್ನು ವಾರಕ್ಕೊಮ್ಮೆ ಬರಿದುಮಾಡಿ, ಒಣಗಿಸಿ, ಮತ್ತೆ ತುಂಬಿ. ಕುಡಿಯುವ ನೀರು ಮುಚ್ಚಿಡಿ. ಚಳಿಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಪೂರ್ತಿ ನುಂಗಿ. ನೀರು ಕನ್ನಡಿಯಂತೆ ಹೊಳೆಯುತ್ತಿದೆಯೆಂದು ಸುಮ್ಮನಿರಬೇಡಿ. ಒಮ್ಮೆ ಬಗ್ಗಿ ನೋಡಿ.