ನಿಂತ ಚುಕ್ಕೆ

ಸತ್ತಿ ಊರಿನ ಕಡೆಯವರು ಕೃಷ್ಣಾ ಹೊಳೆಯನ್ನು ದಾಟುವಾಗ ಕೈ ಮುಗಿಯದೆ ಇರುವುದಿಲ್ಲ. ಬಸ್ಸಿನಲ್ಲಿ ಗೊರಕೆ ಹೊಡೆಯುವವರೂ ಸೇತುವೆ ಬಂತೆಂದರೆ ಎದ್ದು, ಕಣ್ಣು ಮುಚ್ಚಿ, ‘ಕೃಷ್ಣಾಬಾಯಿ’ ಅಂದು ಮತ್ತೆ ಗೊರಕೆಗೆ ಮರಳುತ್ತಾರೆ. ಬಸ್ಸಿನಲ್ಲಿ ಅದು ನಡೆಯುತ್ತದೆ, ಡ್ರೈವರನಾದರೂ ಕಣ್ಣು ಬಿಟ್ಟಿರುತ್ತಾನೆ. ಸತ್ತಿಯ ನೀಲಮ ವಿಮಾನದಲ್ಲಿ ಒಬ್ಬಳೇ ಹೊಳೆ ದಾಟಿದ ದಿನ ಡ್ರೈವರೂ ಅವಳೇ ಆಗಿದ್ದಳು.

ಎರಡು ಸೀಟಿನ ತರಬೇತಿ ವಿಮಾನ. ದಿನವೂ ಪಕ್ಕದಲ್ಲಿ ಕೂತು ಬೈಯುತ್ತ ಹಾರಲು ಕಲಿಸುತ್ತಿದ್ದ ತವನಪ್ಪ ಸರ್ ಅಂದು ಕೆಳಗೇ ಉಳಿದಿದ್ದರು. ಬೈಯುವವರಿಲ್ಲದ ಜಾಗ ಇಷ್ಟು ದೊಡ್ಡದಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ಯಾವುದೋ ಕಬ್ಬಿನಲ್ಲಿ ಅವ್ವ ಸುಂದ್ರವ್ವ ಕಳೆ ತೆಗೆಯುತ್ತಿರಬೇಕು. ಕೂಗಿದರೆ ಕೇಳಿಸುವಂತಿಲ್ಲ. ನೀಲಮಳಿಗೆ ಅಳು ಬಂತು.

ಇಂಥ ಹಾರಾಟದಲ್ಲಿ ದಾರಿ ಬಿಡಿಸಿಕೊಡುವವರು ಯಾರೂ ಇರುವುದಿಲ್ಲ. ತಾನೇ ನೋಡಬೇಕು, ತಾನೇ ಸರಿಯಬೇಕು. ತವನಪ್ಪ ಸರ್ ಹೇಳಿ ಹೇಳಿ ಸುಸ್ತಾಗಿದ್ದರು: “ಗಾಜಿನ್ಯಾಗ ಸರಿದಾಡೋ ಚುಕ್ಕಿಗಿ ಅಂಜಬ್ಯಾಡ. ನಿಂತಲ್ಲೇ ನಿಂತಿದ್ದು ದೊಡ್ಡದಾಗಾಕತ್ತಿತಂದ್ರ ಅದು ನಿನ್ನ ಮ್ಯಾಲೇ ಬರಾಕತ್ತೈತಿ. ಬಲಕ್ಕ ಹೊಳ್ಳು.”

ಹೊಳೆ ಬಂತು. ಕೈಗಳು ತಾವಾಗಿಯೇ ಕೂಡಿದವು, ಕಣ್ಣು ಮುಚ್ಚಿದವು. ಒಂದು ‘ಕೃಷ್ಣಾಬಾಯಿ’ಯಷ್ಟು ಹೊತ್ತು, ಅಷ್ಟೇ.

ಕಣ್ಣು ತೆರೆದಾಗ ಎದುರಿನ ಗಾಜಿನಲ್ಲಿ ಕರಿ ಚುಕ್ಕೆ. ಹುಳ ಬಡಿದಿರಬೇಕು ಅಂದುಕೊಂಡಳು. ಚುಕ್ಕೆ ಕದಲಲಿಲ್ಲ. ಆಮೇಲೆ ಅದಕ್ಕೆ ರೆಕ್ಕೆ ಕಂಡವು.

ಬಲಕ್ಕೆ ಜೋರಾಗಿ ಹೊರಳಿಸಿದಳು. ತಮ್ಮದೇ ಶಾಲೆಯ ಇನ್ನೊಂದು ವಿಮಾನ ಎಡಗಡೆಯಿಂದ ಹಾದುಹೋಯಿತು. ಒಳಗೆ ಒಬ್ಬನೇ, ಅವಳ ಜತೆಯಲ್ಲೇ ಕಲಿಯುವ, ಅದೇ ಹೊಳೆಸಾಲಿನ ಉಗಾರ ಬುದ್ರುಕ ಊರಿನ ಸುರಜ. ತಲೆ ಬಗ್ಗಿಸಿ ಕೈ ಮುಗಿದಿದ್ದ.

ರೇಡಿಯೋದ ಗುಂಡಿ ಒತ್ತಿದಳು. ಮತ್ತೆ ಅದನ್ನು ಬಿಟ್ಟು ಎರಡೂ ಕೈಯಿಂದ ಹಿಡಿಕೆ ಹಿಡಿದಳು. ಉಳಿದ ದಾರಿಯಲ್ಲೆಲ್ಲ ಗಾಜಿನಿಂದ ಕಣ್ಣು ತೆಗೆಯದೆ ವಿಮಾನ ಹಾರಿಸಿದಳು.

ಅವಳು ಇಳಿದು ಬರುವ ಹೊತ್ತಿಗೆ ಸುರಜ ಚಹಾ ಕುಡಿಯುತ್ತಿದ್ದ.

“ನಂದು ಭಾರೀ ಆತ ನೋಡ. ಇಡೀ ಆಕಾಶ ಖಾಲಿ. ನಾ ಒಬ್ಬಾವನ ರಾಜಾ!”

“ಹೊಳಿ ಮ್ಯಾಲ ಕೈ ಮುಗದಿ, ಹೌದಿಲ್ಲೋ?”

“ಮುಗೀಲಾರದ ಇರ್ತಾರೇನ? ಯಾರ ಹೇಳಿದ್ರ?”

“ನಾ ಕಂಡ್ನಿ.”

ಚಹಾದ ಕಪ್ಪು ಅವನ ತುಟಿಯ ಹತ್ತಿರವೇ ನಿಂತಿತು. “ಎಷ್ಟ ದೂರಿಂದ?”

ನೀಲಮ ಮೈದಾನದಂಚಿನ ಬೇವಿನ ಗಿಡ ತೋರಿಸಿದಳು. ಸುರಜ ಗಿಡವನ್ನು ನೋಡಿದ. ಕಪ್ಪು ಕೆಳಗಿಟ್ಟು ಅಲ್ಲೇ ಕೂತ.

“ಕೃಷ್ಣಾಬಾಯಿನೇ ನಮ್ಮನ್ನ ಕಾಯ್ದ್ಲು,” ಅಂದ.

ನೀಲಮ ಅದುಮಿಟ್ಟದ್ದೆಲ್ಲ ಆಗ ಸಿಟ್ಟಾಗಿ ಬಂತು. “ನಾನೂ ಕೈ ಮುಗದಿದ್ನೋ. ಕಣ್ಣ ಮೊದಲ ತಗದ್ನಿ, ಅಷ್ಟ. ನಾ ಒಬ್ಬಾವನ ಇದ್ನಿ ಅಂತ ಇನ್ನೊಮ್ಮಿ ಅನ್ನಬ್ಯಾಡ ಸುರಜ. ಅಲ್ಲಿ ಇಬ್ಬರಿದ್ವಿ. ನೋಡಿದಾಕಿ ಮಾತ್ರ ನಾ ಒಬ್ಬಾಕಿನ.”