ವಹಾಬರ ಮುಕ್ಕಾಲಿ

ಮದುವೆ ಫೋಟೊದಿಂದ ಬಿಚ್ಚಿದ ಗಾಜನ್ನು ದುಪಟ್ಟಾದಲ್ಲಿ ಒರೆಸಿ ಅನೀಸಾ ಮುಕ್ಕಾಲಿಯಡಿಯ ಮಡಿಕೆಬಿದ್ದ ಹಾಳೆಯ ಮೇಲೆ ಒತ್ತಿಟ್ಟಾಗ, ಅವಳ ಅಪ್ಪ ವಹಾಬರ ಶವ ಹೊತ್ತ ಗಂಡಸರು ಇನ್ನೂ ಬೀದಿಯ ತಿರುವು ದಾಟಿರಲಿಲ್ಲ.

ಹೊರಡುವ ಮುನ್ನ ಆಫ್ತಾಬ್ ಚಾಚಾ ಕಡ್ಡಿ ಮುರಿದಂತೆ ಹೇಳಿದ್ದರು.

“ಕಬರಸ್ತಾನದಿಂದ ಬಂದೇಟ್ಗೆ ಈ ಕಾಗದನೆಲ್ಲ ಮಸೀದಿ ಹಿಂದಿನ ಬಾವಿಗೆ ಬುಡ್ತೀನಿ. ಪ್ರತಿ ಹಾಳೆ ಮೇಲೂ ಅಣ್ಣ ಬಿಸ್ಮಿಲ್ಲಾ ಅಂತ 786 ಬರ್ದವ್ರೆ, ಅಲ್ಲಾನ ಹೆಸ್ರು ಅದು. ಗೆದ್ದಲು ತಿಂದು ಕಾಲಡಿ ಬಿದ್ರೆ ಪಾಪ ನಮ್ಗೇ.”

“ಅದು ಬೊಂಬೆ ಅಳತೆ ಚಾಚಾ. ಕುದುರೆ ಕಾಲು, ಬುಗುರಿ ಹೊಟ್ಟೆ. ಇನ್ನ ಅರವತ್ತು ಹಾಳೆ ಐತೆ. ಫೋಟೊ ತೆಗ್ದು ಕೊಡ್ತೀನಿ.”

“ಸಾವಿನ ಮನೇಲಿ ಫೋಟೊನಾ? ನಾಚ್ಕೆ ಆಗಲ್ವಾ?”

“ಆಗಲ್ಲ.”

ಅತ್ತು ಊದಿಕೊಂಡ ಕಣ್ಣಿನಲ್ಲೂ ಅವಳಿಗೆ ಸಿಟ್ಟೇ ಹೆಚ್ಚಿತ್ತು. ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಬೊಂಬೆ ಕಡೆದ ಕೈ ಬರೆದದ್ದನ್ನು ಪಾಳುಬಾವಿಗೆ ಸುರಿಯುವುದೆಂದರೇನು?

*

ಆರು ತಿಂಗಳ ಹಿಂದೆ ಜೆರಾಕ್ಸ್ ಅಂಗಡಿಯ ಸ್ಕ್ಯಾನರಿನಲ್ಲಿ ಒತ್ತಿದ ಅಳತೆ ಹಾಳೆ ಮಡಿಕೆಯಲ್ಲೇ ಎರಡಾಗಿತ್ತು. ವಹಾಬ್ ಮನೆಗೆ ಬಂದು ಲೇತ್ ಮುಂದೆ ಕೂತರು. ಹಾಲೆಮರದ ಮೂರು ಕಾಲು ಕಡೆದರು, ಮೇಲೊಂದು ಹಲಗೆ ಕೂರಿಸಿದರು, ಮೊಬೈಲಿನ ಕ್ಯಾಮೆರಾಕ್ಕೆಂದು ನಡುವೆ ತೂತು ಕೊರೆದರು.

“ಅರಗು ಹಚ್ಚಲ್ವೇನಣ್ಣ? ಬೋಳುಬೋಳಾಗೈತೆ,” ಎಂದು ಜೊತೆ ಕೆಲಸದ ನಟರಾಜು ಕಿಚಾಯಿಸಿದ.

“ಹೊಳಪು ಗಾಜಿನ್ ಮೇಲೆ ಬೀಳ್ತದೆ ಕಣ್ಲಾ.”

ಅಂದಿನಿಂದ ದಿನಕ್ಕೆ ಐದಾರು ಹಾಳೆಯ ಫೋಟೊ, ಹೊಸ್ತಿಲ ಬೆಳಕಿನಲ್ಲಿ. ವಾರಕ್ಕೊಮ್ಮೆ ಎಲ್ಲದರ ಪ್ರತಿ ಒಂದು ಮೆಮೊರಿ ಕಾರ್ಡಿನಲ್ಲಿ ಹೊಂಗನೂರಿಗೆ, ನಟರಾಜುವಿನ ಮನೆಗೆ. ಒಂದು ಮನೆ ಮುಳುಗಿದರೂ ಇನ್ನೊಂದಿರಲಿ ಎನ್ನುತ್ತಿದ್ದರು ವಹಾಬ್.

*

ಗಂಡಸರು ಮರಳಿದಾಗ ಮೂರು ಹಾಳೆ ಉಳಿದಿದ್ದವು. ಅನೀಸಾ ಹೊಸ್ತಿಲಿಗೆ ಅಡ್ಡ ಕೂತಿದ್ದಳು.

“ಏಳು,” ಎಂದರು ಚಾಚಾ.

“ಬೆಳಕು ಇಲ್ಲೇ ಬರೋದು ಚಾಚಾ. ಮುಗಿಯೋಗಂಟ ಏಳಲ್ಲ.”

“ಒಸಿ ತಡೀರಿ ಸಾಬ್ರೆ,” ಎಂದ ನಟರಾಜು, ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಗಾಜು ಎತ್ತಿಕೊಟ್ಟ.

ಬೀದಿಯ ತುಂಬ ಬೊಂಬೆ ಕೆಲಸದವರು ನಿಂತು ನೋಡಿದರು. ಕೊನೆಯ ಹಾಳೆ ಮುಗಿಸಿದ ಅನೀಸಾ ಅಷ್ಟೂ ಫೋಟೊಗಳನ್ನು ಅವರ ವಾಟ್ಸಾಪ್ ಗ್ರೂಪಿಗೆ ಕಳಿಸಿದಳು. ಹಾಳೆಗಳನ್ನು ಜೋಡಿಸಿ, ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಎರಡೂ ಕೈಯಿಂದ ಚಾಚಾನಿಗೆ ಕೊಟ್ಟಳು.

“ಈಗ ಬಾವಿಗೆ ಬುಡಿ.”

ಬೀದಿಯುದ್ದಕ್ಕೂ ಜೇಬುಗಳು ಗುಂಯ್‌ಗುಟ್ಟಿದವು. ಚಾಚಾ ತಮ್ಮ ಮೊಬೈಲ್ ತೆಗೆದರು. ಅಣ್ಣನ ಕುದುರೆ, ಅದರ ತಲೆಯ ಮೇಲೆ 786. ಹೆಬ್ಬೆರಳಿಗಂಟಿದ್ದ ಗೋರಿಯ ಮಣ್ಣು ಕುದುರೆಯ ಕಾಲಿಗೆ ಮೆತ್ತಿತು. ಅದನ್ನು ಜುಬ್ಬದ ಅಂಚಿನಿಂದ ಮೆಲ್ಲಗೆ ಒರೆಸಿದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೊಬೈಲು, ಎರಡನ್ನೂ ಎದೆಯ ಮಟ್ಟದಲ್ಲಿ ಹಿಡಿದು, ಯಾವುದನ್ನೂ ಕೆಳಗಿಡಲಾಗದೆ ನಿಂತರು.